ಇನ್ನೊಮ್ಮೆ ಹೇಳಿ

ಫೆಬ್ರವರಿ ೩

ಪ್ರೀತಿಯ ಸೊಸೆಗೆ,

ಹಳೆಯ ಒಕ್ಕಣೆಗಳನ್ನು ಈಗ ನಿನಗೆ ಬರೆಯಲು ಕೈ ಬರುವುದಿಲ್ಲ, ಹೊಸವು ನನಗೆ ಗೊತ್ತಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ನೀನು ಹವ್ಯಾಸಿ ರೇಡಿಯೋ ಪರೀಕ್ಷೆ ಪಾಸಾಗಿ ಲೈಸೆನ್ಸ್ ಕೈಗೆ ಬಂದದ್ದು ತಿಳಿದು ಸಂತೋಷವಾಯಿತು. ನನ್ನ ಮಗ ಹೋಗಿ ಒಂದೂವರೆ ವರ್ಷವಾದ ಮೇಲೆ ಅವನ ರೇಡಿಯೋ ಸೆಟ್ಟಿಗೆ ಮುಚ್ಚಿದ ಬಟ್ಟೆ ತೆಗೆಯುವವಳು ನೀನೇ ಆಗುತ್ತೀ ಎಂದು ಅಂದುಕೊಂಡಿರಲಿಲ್ಲ. ಮಾರಿಬಿಡುತ್ತೀ ಎಂದುಕೊಂಡಿದ್ದೆ. ಮಾರಿದ್ದರೂ ನಾನು ತಪ್ಪು ತಿಳಿಯುತ್ತಿರಲಿಲ್ಲ.

ಇದನ್ನೆಲ್ಲ ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರ ಮಾತು ಹೇಗಿರುತ್ತದೆ ನಿನಗೂ ಗೊತ್ತು. "ಊಟ ಆಯ್ತಾ?" "ಆಯ್ತು." "ಮತ್ತೇನು?" "ಮತ್ತೇನಿಲ್ಲ." ಆಮೇಲೆ ಮೊದಲು ಯಾರು ಫೋನ್ ಕೆಳಗಿಡುವುದು ಎಂದು ಇಬ್ಬರೂ ಕಾಯುವುದು. ಜೀವಮಾನವೆಲ್ಲ ಅಚ್ಚಿನ ಮನೆಯಲ್ಲಿ ಕರಡು ತಿದ್ದಿದವನು ನಾನು; ಕಾಗದ ಸಿಕ್ಕಿದರೆ ನಾಲ್ಕು ಮಾತು ನೆಟ್ಟಗೆ ಬರುತ್ತವೆ.

ಈಗ ಗಮನವಿಟ್ಟು ಓದು. ಸೆಟ್ಟು ಹಚ್ಚಿದ ಕೂಡಲೇ ಬಾಯಿ ತೆರೆಯಬೇಡ. ಒಂದು ವಾರ ಬರೀ ಕೇಳು. ಯಾರು ಹೇಗೆ ಮಾತಾಡುತ್ತಾರೆ, ಯಾರ ಸರದಿ ಹೇಗೆ ಬರುತ್ತದೆ, ಎಲ್ಲಿ ನಿಲ್ಲಿಸುತ್ತಾರೆ, ಎಲ್ಲ ಕಿವಿಗೆ ಬೀಳಲಿ. ಹೊಸ ಜಾಗಕ್ಕೆ ಹೋದರೆ "ಈ ಫ್ರೀಕ್ವೆನ್ಸಿ ಖಾಲಿ ಇದೆಯಾ?" ಎಂದು ಕೇಳಿ, ತುಸು ಕಾದು, ಮತ್ತೆ ಕೇಳು. ನಿನಗೆ ಕೇಳಿಸದವರು ಯಾರೋ ಅಲ್ಲಿ ಮಾತಾಡುತ್ತಿರಬಹುದು. ಖಾಲಿ ಅನ್ನಿಸಿದ್ದೆಲ್ಲ ಖಾಲಿಯಲ್ಲ. ನಿನ್ನ ಕಾಲ್‌ಸೈನನ್ನು, ಅಂದರೆ ಸರ್ಕಾರ ಕೊಟ್ಟ ಆ ಅಕ್ಷರದ ಗುರುತನ್ನು, ಬಿಡಿಬಿಡಿಯಾಗಿ, ಎಚ್ ಅಕ್ಷರಕ್ಕೆ 'ಹೋಟೆಲ್' ಎಂಬಂತೆ ಒಂದೊಂದಕ್ಕೂ ಇರುವ ಪದದಲ್ಲಿ ಹೇಳು. ನುಂಗಬೇಡ. ಒಬ್ಬರು ಮುಗಿಸಿದ ತಕ್ಷಣ ಮೈಕಿನ ಗುಂಡಿ ಒತ್ತಬೇಡ, ಒಂದು ಉಸಿರಿನಷ್ಟು ಜಾಗ ಬಿಡು. ತುರ್ತು ಇರುವವರು ಆ ಸಂದಿಯಲ್ಲಿ ಬರುತ್ತಾರೆ. ಮತ್ತೆ, ಮನೆಯ ಮಾತು ಅಲ್ಲಿ ಬೇಡ. ಕೇಳುವವರು ಎಷ್ಟು ಜನ ಎಂದು ಲೆಕ್ಕ ಸಿಗದ ಜಾಗ ಅದು.

ಮೈಕಿನ ಗುಂಡಿ ಒತ್ತಿದಷ್ಟು ಹೊತ್ತೂ ನೀನು ಕಿವುಡಿ ಎಂಬುದು ನೆನಪಿರಲಿ. ನಿನ್ನ ಮಾತು ಲೋಕಕ್ಕೆಲ್ಲ ಹೋಗುತ್ತದೆ, ಲೋಕದ ಮಾತು ನಿನಗೆ ಬರುವುದಿಲ್ಲ. ಮಾತು ಮುಗಿದ ಮೇಲೆ ಮೈಕನ್ನು ಕೊಕ್ಕೆಗೆ ಹಾಕು. ಕುರ್ಚಿಯ ಮೇಲೆ ಬಿಟ್ಟು ಅದರ ಮೇಲೆಯೇ ಕೂತು, ಗಂಡ ಹೆಂಡಿರ ಜಗಳವನ್ನು ಊರಿಗೆಲ್ಲ ಕೇಳಿಸಿದ ಹೊಸಬರನ್ನು ನಾನು ಬಲ್ಲೆ. ಅಂಥದ್ದು ಕಿವಿಗೆ ಬಿದ್ದರೆ ಬೀಳಲಿಲ್ಲ ಎಂಬಂತೆ ಇದ್ದುಬಿಡುವುದು ಮರ್ಯಾದೆ.

ಕಡೆಯದು ವರದಿ. ಎದುರಿನವರ ದನಿ ಹೇಗೆ ಬಂತು ಎಂದು ಎರಡು ಅಂಕಿಯಲ್ಲಿ ಹೇಳುತ್ತೇವೆ. ಮೊದಲನೆಯದು ಮಾತು ಎಷ್ಟು ಅರ್ಥವಾಯಿತು ಎಂಬುದು, ಐದು ಅಂದರೆ ಪೂರ್ತಿ. ಎರಡನೆಯದು ಎಷ್ಟು ಜೋರಾಗಿ ಬಂತು ಎಂಬುದು, ಅಲ್ಲಿ ಒಂಬತ್ತೇ ಮೇಲಿನ ಮಟ್ಟ. ಮುಲಾಜಿಗೆ ಬಿದ್ದು ಅಂಕ ಕೊಡಬೇಡ. ನಮ್ಮ ಗುಂಪಿನಲ್ಲಿ ಒಬ್ಬ ಬೇಕರಿಯವರಿದ್ದಾರೆ, ಬಂದವರಿಗೆಲ್ಲ ಐದು-ಒಂಬತ್ತು ಹಂಚುತ್ತಾರೆ, ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ. ಅದರಿಂದ ಯಾರ ಆಂಟೆನಾವೂ ಸರಿಹೋಗಿಲ್ಲ. ಕೇಳಿಸಿದ್ದನ್ನು ಕೇಳಿಸಿತು ಎನ್ನು, ಕೇಳಿಸದ್ದನ್ನು ಇಲ್ಲ ಎನ್ನು. ಈ ಹವ್ಯಾಸದಲ್ಲಿ ಸತ್ಯ ಹೇಳುವುದಷ್ಟೇ ನಾವು ಒಬ್ಬರಿಗೊಬ್ಬರು ಕೊಡುವ ಕಾಣಿಕೆ.

ಬೆಳಿಗ್ಗೆ ಏಳಕ್ಕೆ ನಮ್ಮ ನೆಟ್ ಇರುತ್ತದೆ. ಹಲವು ಊರಿನವರು ಒಂದೇ ಫ್ರೀಕ್ವೆನ್ಸಿಗೆ ಬಂದು ಹಾಜರಿ ಹೇಳಿ ಹೋಗುತ್ತಾರೆ. ಹಾಜರಿ ಕರೆಯುವವನು ನಾನು. ತಯಾರಾದಾಗ ಬಾ.

ಇಂತಿ,
ನಿನ್ನ ಮಾವ


ಫೆಬ್ರವರಿ ೨೦

ಮಾವನವರಿಗೆ ನಮಸ್ಕಾರ.

ನೀವು ಹೇಳಿದಂತೆ ಒಂದು ವಾರ ಬರೀ ಕೇಳಿದೆ. ಕೇಳುವುದು ನನಗೇನು ಹೊಸದು ಎಂಬ ಜಂಬವಿತ್ತು. ಆಸ್ಪತ್ರೆಯಲ್ಲಿ ದಿನವಿಡೀ ನನ್ನ ಕೆಲಸ ಅದೇ ತಾನೇ. ಹೊರಗಿನ ಸದ್ದು ಬಾರದ ಪುಟ್ಟ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, "ಸದ್ದು ಕೇಳಿಸಿದ ತಕ್ಷಣ ಗುಂಡಿ ಒತ್ತಿ" ಎನ್ನುತ್ತೇನೆ. ಆಮೇಲೆ ಗಾಜಿನ ಈಚೆ ಕೂತು ಅವರ ಮುಖ ನೋಡುತ್ತೇನೆ. ಕೇಳಿಸದಿದ್ದರೂ ಒತ್ತುವವರಿದ್ದಾರೆ, ಪಾಪ, ಕಿವಿ ಹೋಯಿತು ಎಂದು ಒಪ್ಪಿಕೊಳ್ಳಲಾರದವರು. ಚೆನ್ನಾಗಿ ಕೇಳಿಸಿದರೂ ಸುಮ್ಮನೆ ಕೂರುವವರೂ ಇದ್ದಾರೆ. ಅಂಥವರನ್ನು ಹಿಡಿಯುವುದರಲ್ಲಿ ನಮ್ಮ ವಿಭಾಗದಲ್ಲಿ ನನ್ನದೇ ಎತ್ತಿದ ಕೈ. ಹೆಡ್‌ಫೋನಿನಲ್ಲಿ ಮೆಲ್ಲಗೆ "ನಿಮ್ಮ ಶರ್ಟಿನ ಗುಂಡಿ ಬಿಚ್ಚಿದೆ" ಎಂದರೆ ಸಾಕು, ಕೈ ತಾನಾಗಿ ಎದೆಗೆ ಹೋಗುತ್ತದೆ.

ಸೋಮವಾರ ಧೈರ್ಯ ಮಾಡಿ ನೆಟ್‌ಗೆ ಬಂದೆ. ನಿಮಗೇ ಗೊತ್ತಲ್ಲ. ನೀವು "ಹೊಸ ಸ್ಟೇಷನ್‌ಗೆ ಸ್ವಾಗತ" ಎಂದಿರಿ. ಆಮೇಲೆ "ನಿಮ್ಮ ವರದಿ ಮೂರು-ಐದು. ಅರ್ಥವಾಗಲು ಕಷ್ಟ. ಇನ್ನೊಮ್ಮೆ ಹೇಳಿ" ಎಂದಿರಿ. ಹೇಳಿದೆ. "ಕೊನೆಯ ಅಕ್ಷರ 'ಹೋಟೆಲ್' ಪೂರ್ತಿ ಹೇಳಿ, ನಿಮ್ಮ ಹೋಟೆಲ್‌ಗೆ ಬಾಗಿಲೇ ಇಲ್ಲ" ಎಂದಿರಿ. ಯಾರೋ ನಕ್ಕರು. ನಾನೂ ನಕ್ಕೆ, ಆದರೆ ಗುಂಡಿ ಒತ್ತದೆ.

ನೀವು ನನ್ನನ್ನು "ನೀವು" ಎಂದು ಕರೆದದ್ದು ಇದೇ ಮೊದಲು. ಮದುವೆಯಾದ ದಿನದಿಂದ ಎಂದೂ ಕರೆದಿರಲಿಲ್ಲ.

ಪರೀಕ್ಷೆ ಯಾಕೆ ಕಟ್ಟಿದೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಆಸ್ಪತ್ರೆಯಿಂದ ಬಂದು ಬೀಗ ತೆಗೆದ ಮೇಲೆ ಮರುದಿನ ಬೆಳಿಗ್ಗೆಯವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಮೊನ್ನೆ ಪಕ್ಕದ ಮನೆಯವರು ಏನೋ ಕೇಳಿದಾಗ ಮೊದಲ ಮಾತು ಹೊರಡದೆ ಕೆಮ್ಮಬೇಕಾಯಿತು. ಇವರು ಇದ್ದಾಗ ಈ ಸೆಟ್ಟೆಂದರೆ ನನಗೆ ಉರಿಯುತ್ತಿತ್ತು. "ಊರೋರ ಜೊತೆ ಗಂಟೆಗಟ್ಟಲೆ ಮಾತಾಡ್ತೀರಿ, ನನ್ನ ಜೊತೆ ಎರಡು ಮಾತಿಗೆ ಬರ" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದೆ. ಈಗ ಅದೇ ಕುರ್ಚಿಯಲ್ಲಿ ಕೂತಿದ್ದೇನೆ. ಸೀಟಿನಲ್ಲಿ ಇವರು ಕೂತು ಕೂತು ಆದ ತಗ್ಗು ಹಾಗೇ ಇದೆ.

ಇನ್ನೊಂದು ಮಾತು. ನಿಮ್ಮ ದನಿ ಎದುರಿಗೆ ಕೇಳಿದಾಗ ಅನ್ನಿಸುವುದಿಲ್ಲ. ಆ ಚಿಕ್ಕ ಸ್ಪೀಕರಿನಿಂದ ಬಂದಾಗ ಅದು ಇವರ ದನಿಯೇ. ಸೋಮವಾರ ನೀವು "ಸ್ವಾಗತ" ಎಂದಾಗ ಒಂದು ಕ್ಷಣ ನನಗೆ ಕಾಲ್‌ಸೈನ್ ಮರೆತುಹೋಯಿತು. ನಿಮ್ಮನ್ನು ಕೇಳುವುದಕ್ಕೆಂದೇ ದಿನಾ ಬರುತ್ತೇನೆ.

ಇಂತಿ,
ನಿಮ್ಮ ಸೊಸೆ


ಮಾರ್ಚ್ ೧

ಸೊಸೆಗೆ,

ಪತ್ರ ತಲುಪಿತು. ಗಾಳಿಯಲ್ಲಿ, ಅಂದರೆ ರೇಡಿಯೋದಲ್ಲಿ, ನಾನು ಮಾವ ಅಲ್ಲ, ನೀನು ಸೊಸೆ ಅಲ್ಲ, ಇಬ್ಬರೂ ಸ್ಟೇಷನ್‌ಗಳು. ಅಲ್ಲಿ ಒಬ್ಬರಿಗೆ ನೀನು, ಒಬ್ಬರಿಗೆ ನೀವು ಎಂದರೆ ಹಾಜರಿ ಕರೆಯುವವನು ಪಕ್ಷಪಾತಿ ಎನ್ನಿಸಿಕೊಳ್ಳುತ್ತಾನೆ. ಅಷ್ಟೇ.

ಈ ವಾರವೂ ನಿನ್ನ ವರದಿ ಮೂರರಿಂದ ಮೇಲೇಳಲಿಲ್ಲ. ಕೇಬಲ್ಲಿನ ತುದಿ ನೋಡು. ಹೋಟೆಲ್ ಇನ್ನೂ ನುಂಗುತ್ತೀ.

ಬಾಯಿ ಬಿಡದೆ ಇರಬೇಡ. ಪಕ್ಕದ ಮನೆಯವರ ಹತ್ತಿರ ಮಾತಾಡು.

ಇಂತಿ,
ಮಾವ


ಏಪ್ರಿಲ್ ೨೬

ಮಾವನವರಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಬಿಡುವಾದಾಗಲೆಲ್ಲ ನಿಮ್ಮ ಮೂರನ್ನು ನಾಲ್ಕು ಮಾಡುವ ಕೆಲಸದಲ್ಲೇ ಇದ್ದೆ.

ಕೇಬಲ್ಲಿನ ತುದಿಗಳನ್ನು ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿದೆ. ಎರಡು ಬೆರಳು ಸುಟ್ಟುಕೊಂಡೆ. ನೀವು ಮೂರು ಎಂದಿರಿ. ಕೇಬಲ್ಲೇ ಹಳೆಯದಾಗಿದೆಯೇನೋ ಎಂದು ಪೂರ್ತಿ ಬದಲಾಯಿಸಿದೆ. ಮೂರು. ಮೈಕನ್ನು ಬಾಯಿಗೆ ಹತ್ತಿರ ಹಿಡಿದೆ, ದೂರ ಹಿಡಿದೆ, ಓರೆಯಾಗಿ ಹಿಡಿದೆ. ಮೂರು, ಮೂರು, ಮೂರು. ಕೊನೆಗೆ ಕಟ್ಟಡದವರ ಅಪಣೆ ಪಡೆದು, ಬಟ್ಟೆ ಒಣಗಿಸುವ ತಂತಿಗಳ ಕೆಳಗೆ ನುಸುಳಿ, ನೀರಿನ ಟ್ಯಾಂಕಿನ ಮೇಲೆ ಹತ್ತಿ ಆಂಟೆನಾದ ಒಂದು ತುದಿಯನ್ನು ಎತ್ತರಕ್ಕೆ ಕಟ್ಟಿದೆ. ಇಳಿಯುವಾಗ ಟ್ಯಾಂಕನ್ನು ತಬ್ಬಿಕೊಂಡು ನಿಂತಿದ್ದೆ. ಕೆಳಗೆ ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. "ಮಾವನಿಗೆ ಕೇಳಿಸ್ಬೇಕು ಅಂತ ಹತ್ತಿ ಬಿದ್ದಳು" ಎಂದು ನಾಳೆ ಯಾರೂ ಹೇಳುವುದಿಲ್ಲವಲ್ಲ ಎಂದು ನಗು ಬಂತು, ಆಮೇಲೆ ಅಳು ಬಂತು.

ಮರುದಿನ ಬೆಳಿಗ್ಗೆ ಬೇಕರಿಯವರು "ಅಮ್ಮಾ, ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ" ಎಂದರು. ಅವರ ಬೆಣ್ಣೆ ಇರಲಿ ಬಿಡಿ. ಯಾರಿಗೂ ಸುಮ್ಮನೆ ಅಂಕ ಕೊಡದ ನಮ್ಮ ನೆಟ್‌ನ ಆ ಬಸ್ ಡಿಪೋ ಮೆಕ್ಯಾನಿಕ್ ಕೂಡ ಐದು ಎಂದರು. ನೀವು ಮಾತ್ರ "ಮೂರು. ಅರ್ಥವಾಗಲು ಕಷ್ಟ. ಇನ್ನೊಮ್ಮೆ ಹೇಳಿ" ಎಂದಿರಿ.

ನಿಮ್ಮ ಕಡೆ ಏನಾದರೂ ತೊಂದರೆ ಇದೆಯೇ? ಒಮ್ಮೆ ಇಲ್ಲಿಗೆ ಬನ್ನಿ, ನಮ್ಮ ಆಸ್ಪತ್ರೆಯಲ್ಲೇ ಕಿವಿ ಪರೀಕ್ಷೆ ಮಾಡಿಸುತ್ತೇನೆ. ಇದನ್ನು ಸೊಸೆಯಾಗಿ ಹೇಳುತ್ತಿದ್ದೇನೆ, ಸ್ಟೇಷನ್ನಾಗಿ ಅಲ್ಲ.

ಇಂತಿ,
ನಿಮ್ಮ ಸೊಸೆ


ಮೇ ೫

ಸೊಸೆಗೆ,

ನನ್ನ ಕಿವಿ ಚೆನ್ನಾಗಿದೆ.

ಟ್ಯಾಂಕಿನ ಮೇಲೆ ಇನ್ನು ಹತ್ತಬೇಡ. ಇದು ಸಲಹೆಯಲ್ಲ. ಅಂಥ ಕೆಲಸವನ್ನು ಒಂಟಿಯಾಗಿ ಮಾಡಬಾರದು ಎಂಬುದು ನಮ್ಮಲ್ಲಿ ಮೊದಲ ಪಾಠ, ಬರೆಯಲು ಮರೆತಿದ್ದೆ. ಬಿದ್ದಿದ್ದರೆ ನನಗೆ ಯಾರು ಹೇಳುತ್ತಿದ್ದರು?

ನಿನ್ನ ಪತ್ರದಲ್ಲಿ "ಬೆಸುಗೆ" ಸರಿಯಾಗಿದೆ, "ಅಪ್ಪಣೆ"ಯಲ್ಲಿ ಒತ್ತು ಬಿಟ್ಟಿದ್ದೀ.

ಇಂತಿ,
ಮಾವ


ಜೂನ್ ೨

ಮಾವನವರಿಗೆ,

ಇದನ್ನು ಕೋಪದಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರ ಬಿಟ್ಟುಹೋಗಿದ್ದರೆ ನೀವೇ ಹಾಕಿಕೊಳ್ಳಿ.

ನಿನ್ನೆ ನಿಮ್ಮ ಮಗನ ಹುಟ್ಟಿದ ದಿನ. ನಿಮಗೆ ನೆನಪಿಲ್ಲದೆ ಇರುತ್ತದೆಯೇ? ಗಾಳಿಯಲ್ಲಿ ಮನೆಯ ಮಾತು ಬೇಡ ಎಂದಿದ್ದೀರಿ, ನಾನು ಆಡಲಿಲ್ಲ. ಹಾಜರಿ ಅಷ್ಟೇ ಹೇಳಿದೆ. ನೀವು ಏನಾದರೂ ಹೇಳುತ್ತೀರೇನೋ, ಕಡೇಪಕ್ಷ ನಿನ್ನೆಯೊಂದು ದಿನ ದನಿ ಮೆತ್ತಗಾಗುತ್ತದೇನೋ ಎಂದು ಕಾದೆ. ನೀವು ಎಂದಿನಂತೆ ಮೂರು ಎಂದಿರಿ. ಇನ್ನೊಮ್ಮೆ ಹೇಳಿ ಎಂದಿರಿ. ಹೇಳಿದೆ. ಇನ್ನೂ ಒಮ್ಮೆ ಹೇಳಿ ಎಂದಿರಿ. ಎಲ್ಲರೆದುರು ಮೂರು ಸಲ ಹೇಳಿಸಿ "ಹೋಟೆಲ್ ಸರಿಯಾಗಲಿಲ್ಲ" ಎಂದು ಮುಂದಿನವರನ್ನು ಕರೆದಿರಿ.

ನನಗೆ ಅರ್ಥವಾಯಿತು ಮಾವ. ದೋಷ ಕೇಬಲ್ಲಿನದಲ್ಲ. ಆ ಕುರ್ಚಿಯಿಂದ ನನ್ನ ದನಿ ಬರುವುದು ನಿಮಗೆ ಬೇಕಿಲ್ಲ. ಅಲ್ಲಿಂದ ಬರಬೇಕಾಗಿದ್ದ ದನಿ ಬೇರೆ. ಅದನ್ನು ನಾನು ತಪ್ಪು ಎನ್ನಲಾರೆ, ನನಗೂ ಅದೇ ಬೇಕಿತ್ತು. ಆದರೆ ದಿನಾ ಬೆಳಿಗ್ಗೆ ಎದ್ದು, ನಿಮಗೆ ನಾನು ಕೇಳಿಸುವುದಿಲ್ಲ ಎಂದು ನಿಮ್ಮ ಬಾಯಿಂದಲೇ ಕೇಳಿಸಿಕೊಂಡು ಕೆಲಸಕ್ಕೆ ಹೋಗುವ ಶಕ್ತಿ ನನಗಿಲ್ಲ. ಈ ಲೋಕದಲ್ಲಿ ನನಗೆ ನಿಮ್ಮನ್ನು ಬಿಟ್ಟರೆ ನನ್ನವರು ಎನ್ನುವವರು ಇಲ್ಲ, ಅದಕ್ಕೇ ಇಷ್ಟು ನೋವು.

ಸೆಟ್ಟನ್ನು ಈ ಶನಿವಾರ ಡಬ್ಬಕ್ಕೆ ಹಾಕಿ ನಿಮಗೆ ಕಳುಹಿಸುತ್ತೇನೆ. ನಿಮ್ಮ ಮಗನ ವಸ್ತು, ನಿಮ್ಮಲ್ಲಿರಲಿ. ಫೋನ್ ಇದ್ದೇ ಇದೆ. ಊಟ ಆಯ್ತಾ, ಆಯ್ತು.

ಇಂತಿ,
ಸೊಸೆ


ಜೂನ್ ೧೧

ಸೊಸೆಗೆ,

ಒಂದು ವಿಷಯ ಕೇಳಬೇಕಾಗಿದೆ. ಹೇಗೆ ಕೇಳುವುದೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ.

ಸೆಟ್ಟನ್ನು ಈಚೆಗೆ ನನ್ನ ಒರಗು ಕುರ್ಚಿಯ ಪಕ್ಕಕ್ಕೆ ತಂದಿಟ್ಟುಕೊಂಡಿದ್ದೇನೆ, ಮಂಡಿ ನೋವಿನಿಂದಾಗಿ. ಶನಿವಾರ ಬೆಳಿಗ್ಗೆ ನೆಟ್ ಮುಗಿಸಿದ ಮೇಲೆ ಮೈಕನ್ನು ಕೊಕ್ಕೆಗೆ ಹಾಕಿದೆನೆಂದೇ ನನ್ನ ನಂಬಿಕೆ. ಮಧ್ಯಾಹ್ನ ಅಂಚೆಯವನು ನಿನ್ನ ಪತ್ರ ಕೊಟ್ಟು ಹೋದ. ಕುರ್ಚಿಯಲ್ಲಿ ಕೂತು ಓದಿದೆ. ಆಮೇಲೆ ಬಹಳ ಹೊತ್ತು ಅಲ್ಲೇ ಇದ್ದೆ. ಏಳಲು ಹೋದಾಗ ಸೆಟ್ಟಿನಿಂದ ಸುಟ್ಟ ವಾಸನೆ ಬಂತು. ನೋಡಿದರೆ ಮೈಕ್ ಕುರ್ಚಿಯ ದಿಂಬಿನ ಸಂದಿಯಲ್ಲಿ, ಗುಂಡಿ ಒತ್ತಿಕೊಂಡು, ನನ್ನ ತೊಡೆಯಡಿಯಲ್ಲಿತ್ತು.

ಮೂವತ್ತು ವರ್ಷದಿಂದ ಹೊಸಬರಿಗೆಲ್ಲ ಬುದ್ಧಿ ಹೇಳಿದವನು ನಾನು. ಹೊಸಬರ ತಪ್ಪನ್ನೇ ಮಾಡಿದ್ದೇನೆ.

ಓದುವಾಗ ಗಟ್ಟಿಯಾಗಿ ಓದುವುದು ನನ್ನ ಕಸುಬಿನ ಚಾಳಿ. ಅಚ್ಚಿನ ಮನೆಯಲ್ಲಿ ಒಬ್ಬರು ಓದುತ್ತಿದ್ದರು, ಇನ್ನೊಬ್ಬರು ತಿದ್ದುತ್ತಿದ್ದರು. ಈಗ ಇಬ್ಬರೂ ನಾನೇ. ಓದಿ ಮುಗಿದ ಮೇಲೂ ಏನೇನೋ ಮಾತಾಡಿದೆ. ಈ ಮನೆಯಲ್ಲಿ ನಾನು ಮಾತಾಡುತ್ತೇನೆ, ಯಾರೂ ಇಲ್ಲದಿದ್ದರೂ. ಏನು ಮಾತಾಡಿದೆ ಎಂದು ನನಗೆ ಗೊತ್ತು. ಸೆಟ್ಟು ಯಾವಾಗ ಸುಟ್ಟು ನಿಂತಿತು ಎಂಬುದು ಗೊತ್ತಿಲ್ಲ. ಓದುವ ಮೊದಲೇ ನಿಂತಿದ್ದರೆ ನಾನು ಬದುಕಿದೆ.

ಬೇಕರಿಯವರನ್ನು ಕೇಳಿದರೆ ಬೆಣ್ಣೆ ಹಚ್ಚುತ್ತಾರೆ. ಉಳಿದವರನ್ನು ಕೇಳಲು ಮುಖವಿಲ್ಲ. ನೀನು ಅಷ್ಟು ಹೊತ್ತಿಗೆ ಸೆಟ್ಟನ್ನು ಡಬ್ಬಕ್ಕೆ ಹಾಕಿದ್ದರೆ ನಿನಗೂ ಗೊತ್ತಿರುವುದಿಲ್ಲ, ಆಗ ಈ ಪತ್ರವನ್ನು ಮರೆತುಬಿಡು. ಡಬ್ಬ ಇನ್ನೂ ನನಗೆ ತಲುಪಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಎಷ್ಟು ಕೇಳಿಸಿತು? ಏನೂ ಇಲ್ಲವೆಂದರೆ ಸೆಟ್ಟು ರಿಪೇರಿ ಮಾಡಿಸಿ ಎಂದಿನಂತೆ ಹಾಜರಿ ಕರೆಯುತ್ತೇನೆ. ಕೇಳಿಸಿದ್ದರೆ ಇಲ್ಲಿಗೆ ಮುಗಿಸುತ್ತೇನೆ. ಎಲ್ಲರ ಮುಂದೆ ಮತ್ತೆ ಗುಂಡಿ ಒತ್ತಲು ನನ್ನಿಂದಾಗದು.

ಸುಳ್ಳು ವರದಿ ಬೇಡ.

ಇಂತಿ,
ಮಾವ


ಜೂನ್ ೧೬

ಮಾವ,

ನಿಮ್ಮ ಪತ್ರ ಬಂದು ಎರಡು ದಿನವಾಯಿತು. "ಏನೂ ಕೇಳಿಸಲಿಲ್ಲ" ಎಂದು ಒಂದು ಕಾರ್ಡು ಬರೆದು, ಅಂಚೆ ಡಬ್ಬದವರೆಗೂ ಹೋಗಿ, ಅದರ ಬಾಯಲ್ಲಿ ಅರ್ಧ ತುರುಕಿ, ಮತ್ತೆ ಎಳೆದುಕೊಂಡು ಬಂದೆ. ಹಿಂದೆ ನಿಂತಿದ್ದವರು ಇವಳಿಗೇನೋ ಆಗಿದೆ ಎಂಬಂತೆ ನೋಡಿದರು. ಆ ಒಂದು ಸುಳ್ಳು ಹೇಳಿದರೆ ನಾಳೆಯಿಂದ ನಿಮ್ಮ ದನಿ ಮತ್ತೆ ಸಿಗುತ್ತದೆ ಎಂಬುದು ನನಗೆ ಗೊತ್ತು. ಅದು ಎಷ್ಟು ದೊಡ್ಡ ಆಸೆ ಎಂದು ನಿಮಗೆ ಗೊತ್ತಿಲ್ಲ. ಆದರೆ ನಾನು ಈ ಹವ್ಯಾಸಕ್ಕೆ ಬಂದಾಗ ನೀವು ಕೊಟ್ಟದ್ದು ಒಂದೇ ಕಾಣಿಕೆ. ಅದನ್ನೇ ವಾಪಸ್ ಕೊಡುತ್ತೇನೆ.

ವರದಿ ಐದು-ಒಂಬತ್ತು. ಪೂರ್ತಿ ಕೇಳಿಸಿತು.

ಶನಿವಾರ ಮಧ್ಯಾಹ್ನ ಡಬ್ಬ, ಹಳೇ ಪೇಪರು, ದಾರ ಎಲ್ಲ ತಯಾರಿತ್ತು. ಕಳಿಸುವ ಮುಂಚೆ ಸೆಟ್ಟು ಸರಿಯಾಗಿದೆಯೇ ಎಂದು ನೋಡೋಣ, ಆಮೇಲೆ ಹಾಳು ಮಾಡಿ ಕಳಿಸಿದಳು ಎಂಬ ಮಾತು ಬೇಡ ಎಂದು ಕೊನೆಯ ಸಲ ಹಚ್ಚಿದೆ. ನೀವು ಕೆಮ್ಮಿದಿರಿ. ಆಮೇಲೆ ನನ್ನದೇ ಪತ್ರ ನಿಮ್ಮ ದನಿಯಲ್ಲಿ ಬಂತು, ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನಾರ್ಥಕ ಚಿಹ್ನೆ ಸಮೇತ. "ನಿಮಗೆ ನೆನಪಿಲ್ಲದೆ ಇರುತ್ತದೆಯೇ, ಪ್ರಶ್ನಾರ್ಥಕ." ನನ್ನ ಕೋಪವನ್ನು ಯಾರೋ ಅಚ್ಚಿಗೆ ಕೊಡುತ್ತಿರುವ ಹಾಗಿತ್ತು. ಕೇಳಲಾರದೆ ಗುಂಡಿ ಒತ್ತಿ "ಮಾವ, ಮೈಕ್!" ಎಂದು ಕೂಗಿದೆ. ಗುಂಡಿ ಒತ್ತಿದವರು ಕಿವುಡರು ಎಂದು ನೀವೇ ಹೇಳಿದ್ದಿರಿ, ನಿಮಗೆ ಹೇಗೆ ಕೇಳಿಸೀತು? ಫೋನ್ ಮಾಡಿದೆ. ನಿಮ್ಮ ಗೋಡೆಯ ಫೋನ್ ಹೊಡೆದುಕೊಳ್ಳುವುದು ನನ್ನ ಸ್ಪೀಕರಿನಲ್ಲಿ ಕೇಳಿಸಿತು. ಈ ಕಿವಿಯಲ್ಲಿ ಒಂದು, ಆ ಕಿವಿಯಲ್ಲಿ ಒಂದು. ನೀವು "ಯಾರೋ ಏನೋ ಮಾರೋರು, ಹೊಡ್ಕೊಳ್ಳಲಿ" ಎಂದಿರಿ. ಅದು ನಾನು ಮಾವ. ಮೂರು ಸಲವೂ ನಾನೇ.

ಅದಾದ ಮೇಲೆ ನೀವು ಹೇಳಿದ್ದನ್ನು ಬರೆಯುತ್ತೇನೆ. ಒಂದು ಅಕ್ಷರ ಹೆಚ್ಚುಕಡಿಮೆಯಾಗಿದ್ದರೆ ತಿದ್ದಿ.

"ನೋಡಪ್ಪಾ, ನಿನ್ನ ಹೆಂಡತಿ ಸೆಟ್ಟು ವಾಪಸ್ ಕಳಿಸ್ತಾಳಂತೆ. ನನ್ನಿಂದಾನೇ ಆಯ್ತು. ಐದು ಅಂದುಬಿಟ್ರೆ ಅಲ್ಲಿಗೆ ಮುಗೀತಲ್ಲೋ. ಥ್ಯಾಂಕ್ಯೂ ಅಂತಾಳೆ, ಮುಂದಿನವರನ್ನ ಕರೀಬೇಕು. ಮೂರು ಅಂದ್ರೆ ಇನ್ನೊಂದ್ಸಲ ಹೇಳ್ತಾಳೆ. ಆ ಹೋಟೆಲ್ ಕೊನೇಲಿ ನುಂಗ್ತಾಳೆ ನೋಡು, ಥೇಟ್ ನಿನ್ನ ಹಾಗೇನೇ. ನಿನ್ನನ್ನ ಕೇಳಿ ಕೇಳೇ ಕಲ್ತಿರಬೇಕು. ಇಡೀ ದಿನಕ್ಕೆ ನನಗೆ ಅಂತ ಈ ಮನೆಗೆ ಬರೋ ಮಾತು ಅದೊಂದೇ ಕಣೋ. ಎರಡು ಸಲ ಕೇಳಿದ್ರೆ ಯಾರ ಗಂಟೇನು ಹೋಗುತ್ತೆ? ಮೊನ್ನೆ ನಿನ್ನ ಹುಟ್ಟಿದ ದಿನ, ಅದಕ್ಕೆ ಮೂರು ಸಲ ಹೇಳಿಸಿದೆ."

ಆಮೇಲೆ ನೀವು ಅತ್ತಿರಿ. ಅದನ್ನೂ ವರದಿಯಲ್ಲಿ ಸೇರಿಸುತ್ತಿದ್ದೇನೆ, ಸುಳ್ಳು ಬೇಡ ಎಂದಿದ್ದೀರಲ್ಲ. ಸ್ವಲ್ಪ ಹೊತ್ತಿಗೆ ಸೆಟ್ಟು ನಿಂತಿತು.

ನಿಂತ ಮೇಲೆ ಏನಾಯಿತು ಎಂದು ನಿಮಗೆ ಗೊತ್ತಿಲ್ಲ, ಕೇಳಿ. ಮೊದಲು ಬೇಕರಿಯವರ ದನಿ ಬಂತು. "ಈ ಫ್ರೀಕ್ವೆನ್ಸಿ ಖಾಲಿ ಇದೆಯಾ?" ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಮತ್ತೆ ಕೇಳಿದರು. ಎಲ್ಲರೂ ಅಲ್ಲೇ ಇದ್ದರು ಮಾವ, ನನಗೆ ಖಂಡಿತ ಗೊತ್ತು. ಡಿಪೋ ಮೆಕ್ಯಾನಿಕ್, ಎಲ್ಲರೂ. ಒಬ್ಬರೂ ಇದ್ದೇನೆ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಕಿವಿಗೆ ಬಿದ್ದದ್ದು ಬೀಳಲಿಲ್ಲ ಎಂಬಂತೆ ಇದ್ದೆವು. ಬೇಕರಿಯವರು "ಖಾಲಿ ಇದೆ" ಎಂದು ತಾವೇ ಹೇಳಿಕೊಂಡು ಹೋದರು. ಅಂದಿನಿಂದ ಬೆಳಿಗ್ಗೆ ಏಳಕ್ಕೆ ಎಲ್ಲರೂ ಬರುತ್ತಾರೆ. ಯಾರೂ ಹಾಜರಿ ಕರೆಯಲು ಮುಂದಾಗುವುದಿಲ್ಲ. ಸೆಟ್ಟು ಹಚ್ಚಿ, ಕಾದು, ಹೋಗುತ್ತಾರೆ. ನೀವು ಮೊದಲು ಕಲಿಸಿದ್ದು ಕೇಳುವುದನ್ನೇ ಅಲ್ಲವೇ.

ನನ್ನ ಮೇಲೆ ನನಗೇ ನಗು ಬರುತ್ತಿದೆ. ಕೇಳಿಸಿದರೂ ಕೇಳಿಸದಂತೆ ಕೂರುವವರನ್ನು ಹಿಡಿಯುವುದು ನನ್ನ ಅನ್ನ. ಮಾತು ಅರ್ಥವಾಗುವುದೇ ಕಷ್ಟ ಎನ್ನುವ ಮನುಷ್ಯನಿಗೆ, ನಾನು ಕೊನೆಯಲ್ಲಿ ನುಂಗಿದ ಅರ್ಧ ಅಕ್ಷರ ಮಾತ್ರ ದಿನಾ ಹೇಗೆ ಕೇಳಿಸುತ್ತದೆ ಎಂದು ನಾನು ಒಮ್ಮೆಯಾದರೂ ಯೋಚಿಸಬೇಕಿತ್ತು. ನಿಮ್ಮ ಶರ್ಟಿನ ಗುಂಡಿ ಮೊದಲ ದಿನವೇ ಬಿಚ್ಚಿತ್ತು ಮಾವ. ನನಗೆ ಕಾಣಲಿಲ್ಲ.

ಡಬ್ಬದಲ್ಲಿ ಹಳೇ ಪರದೆಗಳನ್ನು ತುಂಬಿ ಅಟ್ಟಕ್ಕೆ ಹಾಕಿದ್ದೇನೆ. ಸೆಟ್ಟು ಮೇಜಿನ ಮೇಲೇ ಇದೆ. ನಾನು ದಿನಾ ಬೆಳಿಗ್ಗೆ ಕೂರುತ್ತೇನೆ. ನೀವು ಬರುವುದೂ ಬಿಡುವುದೂ ನಿಮಗೆ ಸೇರಿದ್ದು, ಒತ್ತಾಯಿಸಲು ನನಗೆ ಯಾವ ಹಕ್ಕೂ ಇಲ್ಲ. ಆದರೆ ಒಂದು ಸ್ಟೇಷನ್ ವರದಿ ಕೊಟ್ಟ ಮೇಲೆ 'ನನ್ನದು ಹೇಗಿದೆ' ಎಂದು ಕೇಳುವುದು ಪದ್ಧತಿ. ಫೆಬ್ರವರಿಯಿಂದ ಕೇಳುತ್ತಿದ್ದೇನೆ, ನೀವು ಒಂದು ಸಲವೂ ನಿಜ ಹೇಳಿಲ್ಲ.

ನನ್ನ ವರದಿ ಕೊಡಿ.

ಇಂತಿ,
ನಿಮ್ಮ ಸೊಸೆ


ಜುಲೈ ೭

ಮಗಳೇ,

ಸೆಟ್ಟು ರಿಪೇರಿಯಿಂದ ನಿನ್ನೆ ಬಂತು. ಮೈಕಿಗೆ ಗೋಡೆಯಲ್ಲಿ ದೊಡ್ಡ ಮೊಳೆ ಹೊಡೆದಿದ್ದೇನೆ, ಕುರ್ಚಿಯಿಂದ ಎದ್ದೇ ತೆಗೆದುಕೊಳ್ಳಬೇಕು. ನಾಳೆ ಏಳಕ್ಕೆ ಹಾಜರಿ ಕರೆಯುತ್ತೇನೆ. ಕರೆಯುವಾಗ ದನಿ ನಡುಗಿದರೆ ನಡುಗಿತು ಎಂದೇ ವರದಿ ಕೊಡು.

ನಿನ್ನ ವರದಿ ಐದು-ಒಂಬತ್ತು. ಮೊದಲ ದಿನದಿಂದಲೂ.

ಇನ್ನೊಮ್ಮೆ ಹೇಳು.

ಅಪ್ಪ